ವಾಟವಿಲ್ಲದ ಸಾಮ್ರಾಜ್ಯ

ನಮ್ಮ ಮನೆಯ ಬಚ್ಚಲಿಗೆ ವಾಟ ಸರಿಯಿಲ್ಲ. ಮೈಮೇಲೆ ಹೊಯ್ದುಕೊಂಡ ನೀರು ಮೋರಿಯ ಕಡೆ ಹೋಗುವುದು ಬಿಟ್ಟು ಬಾಗಿಲ ಕಡೆ ಬಂದು, ಹೊಸಿಲ ಬಳಿ ಠಿಕಾಣಿ ಹೂಡುತ್ತದೆ. ಟೈಲ್ಸ್ ಹಾಕುವಾಗ ಗಾರೆಯವರ ತಲೆ ಮೇಲೆ ನಿಂತು 'ಆ ಕಡೆ ಎತ್ತಿ, ಈ ಕಡೆ ಇಳಿಸಿ' ಎಂದು ಉಸ್ತುವಾರಿ ಮಾಡಿದವನು ನಾನೇ. ಇಂಥ ನಾನು, ತನ್ನ ರಾಜಕುಮಾರಿಯ ಕತೆಗೆ ಮಗಳು ಒಂದು ಮ್ಯಾಪ್ ಕೇಳಿದಾಗ, 'ಮ್ಯಾಪೇನು, ಸಾಮ್ರಾಜ್ಯವನ್ನೇ ಕಟ್ಟಿಕೊಡ್ತೀನಿ' ಎಂದುಬಿಟ್ಟೆ. ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು.

ನನಗೂ ಒಬ್ಬ ಹಿರಿಯರ ಮೇಲ್ಪಂಕ್ತಿ ಇತ್ತು. 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ ಮಳೆ ಹಿಡಿದು ಮನೆಯೊಳಗೇ ಕೂತಿದ್ದಾಗ ಕಾದಂಬರಿಕಾರ ಸ್ಟೀವನ್ಸನ್ ತನ್ನ ಮಲಮಗನ ಜೊತೆ ಒಂದು ದ್ವೀಪದ ನಕ್ಷೆ ಬರೆದ. ಆ ನಕ್ಷೆಯಿಂದಲೇ 'ಟ್ರೆಷರ್ ಐಲೆಂಡ್' ಹುಟ್ಟಿತು, 1883ರಲ್ಲಿ ಪುಸ್ತಕವಾಯಿತು. ಅವನಿಗೆ ಬಣ್ಣ, ಕುಂಚ ಸಾಕಾದವು. ನನಗೆ ಚಿತ್ರ ಬರೆಯಲು ಬಾರದು. ಹಸು ಬರೆದರೆ ಕೆಳಗೆ 'ಹಸು' ಎಂದು ಬರೆಯಬೇಕು. ಹಾಗಾಗಿ ಕಂಪ್ಯೂಟರಿಗೆ ಶರಣಾದೆ. ಚೆಂದದ ಬೆಟ್ಟ, ಮರ, ಕೋಟೆಗಳನ್ನು ಆರಿಸಿ ಅಂಟಿಸಬೇಕೆಂದರೆ ಇಂಕಾರ್ನೇಟ್, ವಂಡರ್‌ಡ್ರಾಫ್ಟ್ ಇವೆ. ನಾನು ಹಿಡಿದದ್ದು ಕ್ಯೂಜಿಐಎಸ್. ಭೂಮಿಯ ನಿಜವಾದ ನಕ್ಷೆ ಮಾಡುವವರು ಬಳಸುವ ತಂತ್ರಾಂಶ. 2002ರಿಂದ ಹತ್ತಾರು ದೇಶದವರು ಸೇರಿ ಬೆಳೆಸಿದ್ದು. ಆರಿಸಿದ್ದಕ್ಕೆ ಕಾರಣ ಅದಲ್ಲ. ಬಿಟ್ಟಿ ಸಿಗುತ್ತದೆ.

ಮೊದಲ ದಿನ ಅರಮನೆ ಕಟ್ಟಿ, ಕೆಳಗೆ ಪ್ರಪಂಚದ ಭೂಪಟ ಹಾಸಿ ನೋಡಿದೆ. ಅರಮನೆ ಆಫ್ರಿಕಾದ ಪಕ್ಕ ಗಿನಿ ಕೊಲ್ಲಿಯ ನೀರಿನಲ್ಲಿತ್ತು. ನಾನು ಅಕ್ಷಾಂಶ ಸೊನ್ನೆ, ರೇಖಾಂಶ ಸೊನ್ನೆಯಿಂದ ಶುರು ಮಾಡಿದ್ದೆ. ವಿಳಾಸ ತಪ್ಪಿದ ಮಾಹಿತಿಯೆಲ್ಲ ಹೋಗಿ ಬೀಳುವ ಈ ಜಾಗಕ್ಕೆ ನಕ್ಷೆಯವರು ತಮಾಷೆಗೆ 'ನಲ್ ಐಲೆಂಡ್' ಎನ್ನುತ್ತಾರೆ. ಅದೂ ಹೋಗಲಿ, ಅರಮನೆಗೂ ದೇವಸ್ಥಾನಕ್ಕೂ ಅಂತರ ಎರಡು ಡಿಗ್ರಿ. ಅಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್. ಮಗಳ ರಾಜಕುಮಾರಿ ಬೆಳಿಗ್ಗೆ ಪೂಜೆ ಮುಗಿಸಿ ತಿಂಡಿಗೆ ವಾಪಸು ಬರುವವಳು. ನಾನು ಅವಳನ್ನು ಹೋಗುವುದಕ್ಕೇ 222 ಕಿಲೋಮೀಟರ್ ನಡೆಸಿದ್ದೆ. ಆದ್ದರಿಂದ ಮೊದಲ ಬುದ್ಧಿಮಾತು: ಗೆರೆ ಎಳೆಯುವ ಮುಂಚೆ ಅಳತೆಯನ್ನು ಡಿಗ್ರಿಯಿಂದ ಮೀಟರಿಗೆ ಬದಲಿಸಿಕೊಳ್ಳಿ. ನಾನು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43ನೇ ವಲಯ ಆರಿಸಿಕೊಂಡು, ಸಾಮ್ರಾಜ್ಯವನ್ನು ಕಾರವಾರದ ಪಶ್ಚಿಮಕ್ಕೆ ಅರಬ್ಬಿ ಸಮುದ್ರಕ್ಕೆ ವರ್ಗ ಮಾಡಿದೆ.

ಎರಡನೆಯದು ಪದರಗಳ ವಿಚಾರ. ಬೆಟ್ಟಕ್ಕೊಂದು, ನದಿಗೊಂದು, ಊರಿಗೊಂದು, ರಸ್ತೆಗೊಂದು ಲೇಯರ್ ಇರಲಿ. ಅನ್ನ, ಸಾರು, ಪಲ್ಯ ಎಲ್ಲ ಕಲಸಿಬಿಟ್ಟ ಮೇಲೆ ಉಪ್ಪು ಹೆಚ್ಚಾದದ್ದು ಯಾವುದಕ್ಕೆ ಅಂತ ಗೊತ್ತಾಗುವುದಿಲ್ಲ. ಸ್ನ್ಯಾಪಿಂಗ್ ಎಂಬ ಗುಂಡಿಯನ್ನೂ ಒತ್ತಿಟ್ಟುಕೊಳ್ಳಿ. ಇಲ್ಲದಿದ್ದರೆ ಉಪನದಿ ಬಂದು ನದಿಗೆ ಸೇರಿದ ಹಾಗೆ ಕಾಣುತ್ತದೆ. ಹಿಗ್ಗಿಸಿ ನೋಡಿದರೆ ನಡುವೆ ನೂರು ಮೀಟರ್ ಒಣನೆಲ.

ನದಿ ಎಂದಾಗಲೇ ನನ್ನಾಕೆ ಕೈ ಒರೆಸಿಕೊಂಡು ಬಂದದ್ದು. ಅವಳು ತೀರ್ಥಹಳ್ಳಿಯವಳು, ತುಂಗೆಯ ನೀರು ಕುಡಿದು ಬೆಳೆದವಳು.

"ರೀ, ಈ ನದಿ ಬೆಟ್ಟ ಹತ್ತುತ್ತಾ?"

"ಅದು ಕಲ್ಪನೆ ಕಣೇ."

"ಕಲ್ಪನೆಯ ನೀರಾದ್ರೂ ಇಳಿಜಾರಿಗೇ ತಾನೆ ಹರಿಯೋದು? ಮತ್ತೆ ಇದೇನು, ಹೋಗ್ತಾ ಹೋಗ್ತಾ ಎರಡಾಗಿ, ನಾಲ್ಕಾಗಿ ಒಡೀತಿದೆ? ಅಣ್ಣತಮ್ಮಂದಿರ ಪಾಲುಪಟ್ಟಿಯೇ? ಕೂಡ್ಲಿಗೆ ಬನ್ನಿ ತೋರಿಸ್ತೀನಿ, ತುಂಗೆ, ಭದ್ರೆ ಹೇಗೆ ಬಂದು ಸೇರ್ತಾವೆ ಅಂತ."

ಶ್ರೀರಂಗಪಟ್ಟಣದಲ್ಲಿ ಕಾವೇರಿ ಒಡೆಯುವುದಿಲ್ಲವೇ ಎಂದು ವಾದ ಹೂಡಿದೆ. "ಒಡೆದು ಮತ್ತೆ ಒಂದಾಗುತ್ತೆ. ಒಡೆದೇ ಹೋಗೋದು ಸಮುದ್ರದ ಹತ್ತಿರ, ನೆಲ ಮಟ್ಟಸವಾದಾಗ. ನಮ್ಮನೆ ಬಚ್ಚಲಿಗೇ ವಾಟ ಕೊಡೋಕಾಗಲಿಲ್ಲ, ಸಾಮ್ರಾಜ್ಯಕ್ಕೆ ಕೊಡ್ತಾರಂತೆ" ಎಂದು ಒಳಗೆ ಹೋದಳು. ನಾನು ನದಿಗಳನ್ನೆಲ್ಲ ಅಳಿಸಿದೆ. ನೀವಾದರೂ ಮೊದಲು ಬೆಟ್ಟ, ಆಮೇಲೆ ನದಿ, ಆಮೇಲೆ ಊರು, ಕೊನೆಗೆ ರಸ್ತೆ, ಈ ಕ್ರಮ ಬಿಡಬೇಡಿ.

ಬೆಟ್ಟಸಾಲಿನ ಎರಡೂ ಮಗ್ಗುಲಿಗೆ ದಟ್ಟ ಕಾಡು ಬೆಳೆಸಿದ್ದು ನನ್ನ ಮುಂದಿನ ಪರಾಕ್ರಮ. ಚಳ್ಳಕೆರೆಯಲ್ಲಿ ಹುಟ್ಟಿದ ನಾನು ಈ ತಪ್ಪು ಮಾಡಬಾರದಿತ್ತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಸಿದ ಮೋಡ ಘಟ್ಟ ದಾಟಿ ನಮ್ಮೂರಿಗೆ ಬರುವಾಗ ಕೈಬೀಸಿಕೊಂಡು ಬರುತ್ತದೆ. ನಮಗೆ ಸಿಗುವುದು 500ರ ಆಸುಪಾಸು. ಗಾಳಿ ಬರುವ ಮಗ್ಗುಲಿಗೆ ಕಾಡು, ಆಚೆ ಮಗ್ಗುಲಿಗೆ ಜಾಲಿ.

ನಗರಗಳನ್ನು ಅಂದಕ್ಕೆಂದು ಗುಡ್ಡದ ನೆತ್ತಿಯಲ್ಲಿ ಇಟ್ಟಿದ್ದೆ. ಅಮ್ಮ ಕನ್ನಡಕ ಏರಿಸಿ ನೋಡಿ, "ಇಲ್ಲಿಯ ಹೆಂಗಸರು ನೀರು ಎಲ್ಲಿಂದ ಹೊರಬೇಕೋ?" ಅಂದಳು. ಬಿಂದಿಗೆ ಹೊತ್ತ ಸೊಂಟದ ಪ್ರಶ್ನೆ ಅದು. ನಗರಗಳು ನದಿದಂಡೆಗೆ, ಸಂಗಮಕ್ಕೆ, ಘಟ್ಟದ ಬುಡಕ್ಕೆ ಇಳಿದವು.

ಇಷ್ಟಾದ ಮೇಲೆ ಪೆನ್‌ಡ್ರೈವಿಗೆ ಹಾಕಿಕೊಂಡು ಮಾವನ ಮನೆಯಲ್ಲಿ ತೋರಿಸಹೊರಟೆ. ತೆರೆಯಲೇ ಇಲ್ಲ. ಶೇಪ್‌ಫೈಲ್ ಎನ್ನುವುದು ಒಂದು ಫೈಲಲ್ಲ, ಅವಿಭಕ್ತ ಕುಟುಂಬ. ಆಕಾರ ಒಂದರಲ್ಲಿ, ಹೆಸರುಗಳ ಪಟ್ಟಿ ಇನ್ನೊಂದರಲ್ಲಿ, ಸೂಚಿ ಮತ್ತೊಂದರಲ್ಲಿ. ನಾನು ದಿಬ್ಬಣಕ್ಕೆ ಮದುಮಗನೊಬ್ಬನನ್ನೇ ಕರೆದೊಯ್ದಿದ್ದೆ. "ಇರಲಿ ಬಿಡಿ ಅಳಿಯಂದಿರೇ, ಕಾಫಿ ತಗೊಳ್ಳಿ" ಎಂದರು ಮಾವ. ಸ್ಟೀವನ್ಸನ್ನನ ಮೂಲ ನಕ್ಷೆಯೂ ಪ್ರಕಾಶಕರಿಗೆ ಕಳಿಸಿದಾಗ ಕಳೆದುಹೋಗಿ ಎರಡನೇ ಸಲ ಬರೆಯಬೇಕಾಯಿತು ಎಂದು ಸಮಾಧಾನ ಮಾಡಿಕೊಂಡೆ. ನೀವು ಜಿಯೋಪ್ಯಾಕೇಜ್‌ನಲ್ಲಿ ಉಳಿಸಿ. ಇಡೀ ಸಂಸಾರ ಒಂದೇ ಗಂಟಿನಲ್ಲಿರುತ್ತದೆ, ಕನ್ನಡದ ಹೆಸರುಗಳೂ ಪ್ರಶ್ನಾರ್ಥಕ ಚಿಹ್ನೆಗಳಾಗುವುದಿಲ್ಲ.

ಈಗ ನಕ್ಷೆ ಮುದ್ರಣವಾಗಿ ಫ್ರಿಜ್ಜಿನ ಬಾಗಿಲ ಮೇಲಿದೆ. ಅರಮನೆಯ ಹೊಸಿಲ ಬಳಿ ಮಗಳು ಪೆನ್ಸಿಲಿನಲ್ಲಿ ಒಂದು ಕೆರೆ ಸೇರಿಸಿ 'ಅಪ್ಪನ ಕೆರೆ' ಎಂದು ಬರೆದಿದ್ದಾಳೆ. ಅದಕ್ಕೆ ಕೋಡಿಯಿಲ್ಲ. ನೀರು ಹೊರಗೆ ಹೋಗದ ಸರೋವರ ಕಾಲಕ್ರಮೇಣ ರಾಜಸ್ಥಾನದ ಸಾಂಭರ್‌ನಂತೆ ಉಪ್ಪಾಗುತ್ತದೆ ಎಂದು ತಿಳಿಹೇಳಿದೆ. "ಗೊತ್ತಪ್ಪ, ದಿನಾ ನೋಡ್ತೀನಲ್ಲ" ಅಂದಳು.

ಭಾನುವಾರ ಗಾರೆಯವರು ಬರುತ್ತಿದ್ದಾರೆ. ಅವತ್ತು ನಾನು ಬಚ್ಚಲ ಹತ್ತಿರ ಸುಳಿಯಕೂಡದೆಂದು ಅಪ್ಪಣೆಯಾಗಿದೆ.