ಮೈಕ್ರಾನ್ ಕಾಕಾ

ವಾಸ್ಕೋದ ಕನ್ನಡಿಗರಲ್ಲಿ ಯಾರಿಗೇ ಹಳೇ ಕಾರು ಕೊಳ್ಳುವ ಹುಕಿ ಬಂದರೂ ಮೊದಲ ಫೋನು ಹೋಗುವುದು ಬ್ಯಾಂಕಿಗಲ್ಲ, ಮೈಕ್ರಾನ್ ಕಾಕಾ ಅವರಿಗೆ. ಅವರನ್ನು ಕರೆದುಕೊಂಡು ಹೋದವರು ಕಾರು ಕೊಂಡದ್ದು ಅಪರೂಪ, ಅದು ಬೇರೆ ಮಾತು. ಹಳೇ ಕಾರು ಪರೀಕ್ಷಿಸುವ ಈ ಪಂಗಡದವರು ಹುಬ್ಬಳ್ಳಿಯಲ್ಲೂ ಇದ್ದಾರೆ, ದಾವಣಗೆರೆಯಲ್ಲೂ ಇದ್ದಾರೆ. ಗೋವಾದ ತಳಿಗೆ ಮಾತ್ರ ಉಪ್ಪುಗಾಳಿ ಕುಡಿದು ಸಂಶಯ ಒಂದು ಪಟ್ಟು ಹೆಚ್ಚು. ಕಾರಿನ ಡಿಕ್ಕಿ ತೆಗೆದು, ಸ್ಟೆಪ್ನಿ ಎತ್ತಿ, ಅದರಡಿಯ ತಗಡನ್ನು ಉಗುರಿನಿಂದ ಕೆರೆದು ನೋಡುವ ತನಕ ಅವರು ಮಾರುವವನ ಹೆಸರನ್ನೂ ಕೇಳುವುದಿಲ್ಲ.

ಮೂಲ ಗದಗ. ಬಂದರಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಹೆಗಲಿಗೊಂದು ಚೀಲ. ಅದರೊಳಗೆ ಟಾರ್ಚು, ಅರಿವೆ ಸುತ್ತಿದ ಅಯಸ್ಕಾಂತ, ಸ್ಟೀರಿಂಗ್ ಕೆಳಗೆ ಚುಚ್ಚುವ ಓಬಿಡಿ ಸ್ಕ್ಯಾನರು, ಕಾರಿನಡಿ ಹಾಸಿಕೊಂಡು ಮಲಗಲು ಹಳೇ ‘ಸಂಯುಕ್ತ ಕರ್ನಾಟಕ’, ಜೊತೆಗೆ ಅವರಿಗೆ ಈ ಹೆಸರು ತಂದುಕೊಟ್ಟ, ಬಣ್ಣದ ದಪ್ಪ ಅಳೆಯುವ ಮೀಟರು. ಕಂಪನಿಯಿಂದ ಬಂದ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಮೀಟರನ್ನು ಬಾಗಿಲಿನಿಂದ ಬಾಗಿಲಿಗೆ ಒತ್ತುತ್ತಾ ಕಾಕಾ ಲಿಲಾವು ಕೂಗುವವರಂತೆ ಕೂಗುತ್ತಾರೆ: “ನೂರಾ ಹತ್ತು... ನೂರಾ ಇಪ್ಪತ್ತು... ಆರ್ನೂರಾ ಎಂಬತ್ತು! ಏ, ಇಲ್ಲಿ ಪುಟ್ಟಿ ಮೆತ್ಯಾರಲೇ!” ಪಕ್ಕದ ಕಾರು ನೋಡುತ್ತಿದ್ದ ಗಿರಾಕಿಗಳೂ ಮೆಲ್ಲಗೆ ಚಪ್ಪಲಿ ಮೆಟ್ಟುತ್ತಾರೆ.

ನನಗೆ ಬೇಕಿದ್ದದ್ದು ಒಂದು ಜರ್ಮನ್ ಸೆಡಾನು. ಹೊಸದನ್ನು ಕೊಳ್ಳುವ ಯೋಗ್ಯತೆ ನನ್ನ ಪಗಾರಕ್ಕಿಲ್ಲ. ಹತ್ತು ವರ್ಷ ಹಳತಾದರೆ ಅದೇ ಗಾಡಿ ಹೊಸ ಹ್ಯಾಚ್‌ಬ್ಯಾಕಿನ ಬೆಲೆಗೆ ಇಳಿಯುತ್ತದೆ. ಹುಬ್ಬಳ್ಳಿಯ ಷಡ್ಡಕರ ಮನೆ ಗೇಟಿಗೆ ಅಡ್ಡ ನಿಲ್ಲಿಸಿ, “ಸ್ವಲ್ಪ ಸರಿಸಬೇಕಾ?” ಎಂದು ಕೇಳಬೇಕು. ನನ್ನ ಆಸೆ ಇಷ್ಟೇ. ಇದನ್ನು ಕಾಕಾಗೆ ಹೇಳಿರಲಿಲ್ಲ, ಆದರೂ ಅವರಿಗೆ ಗೊತ್ತಿತ್ತು. “ಐವತ್ತು ಲಕ್ಷದ ಗಾಡಿ ನಿಮಗ ಐದು ಲಕ್ಷಕ್ಕ ಸಿಗತೈತಿ, ಖರೇ. ಆದ್ರ ಅದರ ಗೇರ್‌ಬಾಕ್ಸು ಇನ್ನೂ ಐವತ್ತು ಲಕ್ಷದ ಗಾಡೀದs ಇರತೈತ್ರಿ” ಎಂದರು. ನಾನು ಕೇಳಿಸದವನಂತೆ ಕಿಟಕಿ ಕಡೆ ನೋಡಿದೆ.

ಭಾನುವಾರ ಬೆಳಿಗ್ಗೆ ಪೊದೇರ್ ಪಾವ್ ಮಾರುತ್ತಾ ಹಾರ್ನು ಒತ್ತುವ ಹೊತ್ತಿಗೇ ಹೊರಡಬೇಕು. ಮಾರುವವನು ಎಂಜಿನ್ ಬಿಸಿ ಮಾಡಿಟ್ಟುಬಿಟ್ಟರೆ ಅದರ ಕೆಮ್ಮು ಕೇಳಿಸುವುದಿಲ್ಲವಂತೆ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ಬೆಚ್ಚಗಿದ್ದರೆ ಮಾತೇ ಇಲ್ಲ, ವಾಪಸ್ಸು. ರಾತ್ರಿಯಿಡೀ ನಿಂತ ಗಾಡಿ ಒಂದು ಮೂಲೆಗೆ ಕುಸಿದು ಕೂತಿದ್ದರೆ ಏರ್ ಸಸ್ಪೆನ್ಷನ್ ಸೋರುತ್ತಿದೆ ಎಂದರ್ಥ. ಟಯರಿನ ಪಕ್ಕದಲ್ಲಿ 2319 ಅಂತ ಇದ್ದರೆ ಅದು 2019ರ 23ನೇ ವಾರದಲ್ಲಿ ಹುಟ್ಟಿದ್ದು. ಸೀಟಿನ ಹಳಿಯಲ್ಲಿ ಮರಳು ಸಿಕ್ಕರೆ, ಬಿಳಿ ನಂಬರ್ ಪ್ಲೇಟ್ ಇಟ್ಟುಕೊಂಡೇ ಕದ್ದುಮುಚ್ಚಿ ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟಿದ್ದಾರೆ ಎಂಬುದು ಅವರ ತೀರ್ಪು.

ಇದೆಲ್ಲ ಸಹಿಸಬಹುದು. ಮೂಗಿನ ಪರೀಕ್ಷೆ ಮಾತ್ರ ಅಸಹ್ಯ. ನೀರಲ್ಲಿ ಮುಳುಗಿದ ಕಾರನ್ನು ಎಷ್ಟೇ ತೊಳೆದರೂ ಮುಗ್ಗಲು ವಾಸನೆ ಹೋಗದೆಂದು ಕಾಕಾ ನಂಬಿದ್ದಾರೆ. ಹಾಗಾಗಿ ಗಾಜೆಲ್ಲ ಏರಿಸಿ, ಎಸಿ ಬಂದ್ ಮಾಡಿ, ನಾವೆಲ್ಲ ಒಳಗೆ ಮೌನವಾಗಿ ಕೂರಬೇಕು. ಗೋವಾದ ಮೇ ತಿಂಗಳು. ಕಾಕಾ ಕಣ್ಣು ಮುಚ್ಚಿ ಮೂಸುತ್ತಾರೆ. ಸಮಸ್ಯೆಯೆಂದರೆ ಅವರು ನಲವತ್ತು ವರ್ಷದಿಂದ ತಪಕೀರು ಏರಿಸುವವರು. ಆ ಮೂಗಿಗೆ ಮುಗ್ಗಲು ಬಿಡಿ, ಮಲ್ಲಿಗೆಯೂ ತಿಳಿಯುವುದು ಅನುಮಾನ. ವೆರ್ಣಾ ದಾರಿಯ ಯಾರ್ಡೊಂದರಲ್ಲಿ ಹೀಗೇ ಕೂತಿದ್ದಾಗ ಬಂದ ಸೀನು ಕೆನೆಬಣ್ಣದ ಚರ್ಮದ ಸೀಟಿನ ಮೇಲೆಲ್ಲ ಕಂದು ಚುಕ್ಕಿ ಎರಚಿತು. ದಲ್ಲಾಳಿ ಕರವಸ್ತ್ರದಿಂದ ಒರೆಸುತ್ತಾ, “ಪಾತ್ರಾಂವ್, ದೆಹಲಿ ಗಾಡಿ ಇದು, 42 ಸಾವಿರ ಕಿಲೋಮೀಟರ್ ಅಷ್ಟೇ” ಎಂದು ಹಿಂದಿಯಲ್ಲಿ ಬೇಡಿಕೊಂಡ.

ದೆಹಲಿ ಗಾಡಿ ಅಗ್ಗ, ಕಾರಣವೂ ಇದೆ. 10 ವರ್ಷ ದಾಟಿದ ಡೀಸೆಲ್ ವಾಹನ ಅಲ್ಲಿ ಓಡುವಂತಿಲ್ಲ ಎಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಕೊಟ್ಟಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆಮೇಲೆ ಅಲ್ಲಿನ ಸಾಹುಕಾರರ ಕಾರುಗಳು ದಕ್ಷಿಣದ ದಾರಿ ಹಿಡಿದವು. ನಾನು ಟೋಕನ್ ಹಣಕ್ಕೆ ಜೇಬಿಗೆ ಕೈ ಹಾಕುವಷ್ಟರಲ್ಲಿ ಕಾಕಾ ಹಿಂದಿನ ಸೀಟಿನ ಬೆಲ್ಟನ್ನು ಹಿಡಿದು ಎಳೆದರು. ಎಳೆದರು, ಎಳೆದರು, ಯಾರೂ ಯಾವತ್ತೂ ಎಳೆಯದಷ್ಟು ಎಳೆದರು. ಕೊನೆಯ ಒಂದು ಗೇಣಿನಲ್ಲಿ ಮಣ್ಣಿನ ಗೆರೆ.

“ಮಳೆಗಾಲದಲ್ಲಿ ಸ್ವಲ್ಪ ನೀರು ಬಿದ್ದಿರಬೇಕು” ಎಂದ ದಲ್ಲಾಳಿ.

ಸಿಟ್ಟು ಬಂದರೆ ಕಾಕಾ ಗದಗಿನ ಭಾಷೆಗೆ ಇಳಿಯುತ್ತಾರೆ, ಎದುರಿಗಿದ್ದವನಿಗೆ ತಿಳಿಯಲಿ ಬಿಡಲಿ. “ಮಳಿ ಮ್ಯಾಲಿಂದ ಬರತೈತೋ ತಮ್ಮಾ. ಈ ರಾಡಿ ಕೆಳಗಿಂದ ಬಂದೈತಿ. 2023ರ ಜುಲೈದಾಗ ಯಮುನಾ ಕೆಂಪು ಕೋಟಿ ಗ್ವಾಡಿಗೆ ಬಂದಿತ್ತು, ಪೇಪರಿನ್ಯಾಗ ಓದೀನಿ.” ಬಹುಶಃ ಕಾರಿನಡಿ ಹಾಸುವ ಪೇಪರಿನಲ್ಲೇ. ಮೂಗು ಕೈಕೊಟ್ಟರೂ ಕೈ ಕೆಲಸ ಮಾಡಿತ್ತು. ನನ್ನ ಐದಾರು ಲಕ್ಷ ಉಳಿದದ್ದಕ್ಕೆ ಕೃತಜ್ಞತೆ ಹೇಳಬೇಕಿತ್ತು. ಷಡ್ಡಕರ ಗೇಟು ಕಣ್ಣ ಮುಂದೆ ಬಂದು ಹೇಳಲಾಗಲಿಲ್ಲ.

ಕಾಗದಪತ್ರದ ಕಾಕಾ ಇನ್ನೊಂದು ಅವತಾರ. ನನ್ನ ನಿವೃತ್ತಿಯ ನಂತರ ಕಾರನ್ನು ಧಾರವಾಡಕ್ಕೆ ಒಯ್ಯುವುದಾದರೆ ಫಾರಂ 28ರ ಎನ್‌ಒಸಿ ಬೇಕು, 12 ತಿಂಗಳಿಗಿಂತ ಹೆಚ್ಚು ಅಲ್ಲಿಟ್ಟುಕೊಂಡರೆ ಕೆಎ ನಂಬರು ಮಾಡಿಸಬೇಕು, 20 ಲಕ್ಷ ಮೀರಿದ ಕಾರಿಗೆ ಕರ್ನಾಟಕದಲ್ಲಿ ಶೇ 18 ತೆರಿಗೆ, ಹಳೇ ಗಾಡಿಗೆ ವಯಸ್ಸು ನೋಡಿ ಕಡಿತ... ಇಷ್ಟನ್ನು ಅವರು ಮೀನಿನ ಊಟದ ನಡುವೆ ಹೇಳಿದರೆ ಇಸವಣದ ಮುಳ್ಳು ಗಂಟಲಲ್ಲೇ ನಿಲ್ಲುತ್ತದೆ.

ಕೊನೆಗೊಂದು ಕಾರು ಸಿಕ್ಕಿತು. ಚಾಂದೋರ್‌ನಲ್ಲಿ. ಇದು ಗೋವೆಯ ಕದಂಬರ ರಾಜಧಾನಿ ಚಂದ್ರಪುರ, ನಮ್ಮದೇ ಊರು ಎಂದು ಕಾಕಾ ದಾರಿಯುದ್ದಕ್ಕೂ ಹೇಳುತ್ತಾ ಬಂದರು. ಹಳೇ ಮನೆ, ಮುಂದೆ ಜಗುಲಿಯಂಥ ಬಾಲ್ಕಾವ್, ಪಕ್ಕದ ಶೆಡ್ಡಿನಲ್ಲಿ 2012ರ ಮರ್ಸಿಡಿಸ್ ಇ-ಕ್ಲಾಸ್. ಮನೆಯೊಡತಿಯ ಗಂಡ ಹಡಗಿನಲ್ಲಿ ದುಡಿದು ಬಂದು ಕೊಂಡದ್ದು, ಈಗ ಆತನಿಲ್ಲ. ವಯಸ್ಸಾದ ಬಾಯಿ ಒಂದು ಬಿಸ್ಕತ್ತಿನ ಡಬ್ಬಿ ತಂದಿಟ್ಟರು. ಮೊದಲ ಸರ್ವಿಸಿನಿಂದ ಹಿಡಿದು ಪ್ರತಿ ಬಿಲ್ಲೂ ಅದರಲ್ಲಿತ್ತು, ಎರಡೂ ಕೀಲಿಗಳಿದ್ದವು. ಮೀಟರು ನೂರಾ ಹತ್ತು, ನೂರಾ ಹದಿನೈದು ಎನ್ನುತ್ತಲೇ ಕಾರನ್ನು ಪೂರ್ತಿ ಸುತ್ತಿ ಬಂತು. ಗಾಜುಗಳೆಲ್ಲ ಒಂದೇ ವರ್ಷದವು. ಆಯಿಲ್ ಮುಚ್ಚಳ ತೆಗೆದರೆ ಬಿಳಿ ನೊರೆಯಿಲ್ಲ. ಕಾಕಾ ಕೂಗುವುದನ್ನು ನಿಲ್ಲಿಸಿದ್ದರು. ಸುಮ್ಮನೆ ಹಿಂದಿನ ಸೀಟಿನಲ್ಲಿ ಕೂತರು. ಮೂಸಲಿಲ್ಲ. ಗಂಡನ ಕನ್ನಡಕದ ಪೆಟ್ಟಿಗೆ ಇನ್ನೂ ಬಾಗಿಲಿನ ಜೇಬಿನಲ್ಲಿತ್ತು.

“ಯಾಕೆ ಮಾರುತ್ತೀರಿ?” ಎಂದು ಕೊಂಕಣಿಯಲ್ಲಿ ಕೇಳಿದರು. ಮಗ ಪೋರ್ಚುಗಲ್‌ನಲ್ಲಿದ್ದಾನೆ, ಮಾರು ಅನ್ನುತ್ತಾನೆ. ನಿಂತಲ್ಲೇ ಬ್ಯಾಟರಿ ಸಾಯುತ್ತದೆ, ನೋಡುವವರಿಲ್ಲ ಎಂದರು ಬಾಯಿ.

“ಬ್ಯಾಟರಿ ನಾನು ನೋಡಿಕೊಳ್ಳುತ್ತೇನೆ. ಮಾರಬೇಡಿ” ಎಂದುಬಿಟ್ಟರು ಕಾಕಾ. ಟೋಕನ್ ಹಣ ಹಿಡಿದು ನಾನು ಅಲ್ಲೇ ನಿಂತಿದ್ದೆ.

ವಾಪಸು ಬರುವಾಗ ನಾನು ಮಾತಾಡಲಿಲ್ಲ. ಅರ್ಧ ದಾರಿಗೆ ಬರುವ ಹೊತ್ತಿಗೆ ಅವರೇ ಬಾಯಿ ಬಿಟ್ಟರು: “ಅಂಥಾ ಗಾಡಿ ಹುಬ್ಬಳ್ಳಿ ರಸ್ತ್ಯಾಗ ಓಡಸ್ತೀರೇನ್ರಿ? ಪಾಪ ಬರಂಗಿಲ್ಲ?” ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡು ಮೂರ್ನಾಲ್ಕು ವರ್ಷವಾಯಿತು, ಮಕ್ಕಳು ಬೆಂಗಳೂರಿನಲ್ಲಿ. ಭಾನುವಾರ ಬೆಳಿಗ್ಗೆ ಕಾಕಾ ಮನೆಯಲ್ಲಿ ಫೋನು ಬಿಟ್ಟರೆ ಮತ್ತೇನೂ ಸದ್ದು ಮಾಡುವುದಿಲ್ಲ.

ಈಗ ತಿಂಗಳಿಗೆರಡು ಭಾನುವಾರ ನಾವು ಚಾಂದೋರ್‌ಗೆ ಹೋಗುತ್ತೇವೆ. ಆಟೊಮ್ಯಾಟಿಕ್ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಲಾಗದು. ಆದ್ದರಿಂದ ನನ್ನ ಹಳೇ ವ್ಯಾಗನ್-ಆರ್ ಬಾನೆಟ್ಟು ಎತ್ತಿಕೊಂಡು ಮರ್ಸಿಡಿಸ್ ಮುಂದೆ ನಿಲ್ಲುತ್ತದೆ, ಜಂಪರ್ ಕೇಬಲಿನಲ್ಲಿ ಅದಕ್ಕೆ ಜೀವ ಕೊಡುತ್ತದೆ. ಬಾಯಿ ಚಹಾ ಕೊಡುತ್ತಾರೆ. ನಾನು ಎಕ್ಸಿಲರೇಟರ್ ಒತ್ತುತ್ತೇನೆ.

ಮೊನ್ನೆ ಹುಬ್ಬಳ್ಳಿಯಿಂದ ಷಡ್ಡಕರು ಫೋಟೊ ಕಳಿಸಿದ್ದರು: ಕಪ್ಪು ಸೆಡಾನು, ಸೆಕೆಂಡ್ ಹ್ಯಾಂಡು, ಗೇಟಿನ ಮುಂದೆ ಸರೀ ಅಡ್ಡಕ್ಕೆ ನಿಂತಿತ್ತು. ಕಾಕಾ ಕೈಗೆ ಮೊಬೈಲು ಕೊಟ್ಟೆ. ಕನ್ನಡಕ ಹಣೆಗೇರಿಸಿ, ಎರಡು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. “ಬಲಗಡಿ ಹಿಂದಿನ ಬಾಗಲಾ ನೋಡ್ರಿ, ಸಂದು ಮ್ಯಾಲೊಂದು ನಮೂನಿ, ಕೆಳಗೊಂದು ನಮೂನಿ. ಗಟ್ಯಾಗಿ ಬಡದೈತ್ರಿ ಇದು.” ಆ ವಾರವೆಲ್ಲ ನನಗೆ ಊಟ ರುಚಿಸಿತು.