ರೊಕ್ಕ ಕೊಟ್ಟು ಬೆಂಕಿ ಮುಂದೆ

ಏಪ್ರಿಲ್ ಬಂತೆಂದರೆ ರಾಯಚೂರು ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿಯ ಮೇಲೆ ಹತ್ತಿ ಕೂಡುತ್ತದೆ, ಇಳಿಯುವ ಮಾತೇ ಆಡುವುದಿಲ್ಲ. ಅದಕ್ಕೇ ನಮ್ಮ ಹಟ್ಟಿ ಕ್ಯಾಂಪಿನಲ್ಲಿ ಹೊಸ ವಾಡಿಕೆಯೊಂದು ಶುರುವಾಗಿದೆ. ಬೋನಸ್ಸೋ ಅರಿಯರ್ಸೋ ಕೈಗೆ ಬಿದ್ದದ್ದೇ ತಡ, ನಾಲ್ಕು ಮನೆಯವರು ಕೂಡಿ ಗಾಡಿ ಗೊತ್ತು ಮಾಡಿ, ಮಸ್ಕಿ, ಸಿಂಧನೂರು, ಗಂಗಾವತಿ, ಹೊಸಪೇಟೆ ದಾಟಿ ಚಿಕ್ಕಮಗಳೂರಿನ ಯಾವುದೋ ಕಾಫಿ ತೋಟದ ಹೋಮ್‌ಸ್ಟೇ ಸೇರುತ್ತಾರೆ. ರಾತ್ರಿ ಅಲ್ಲೇನು ಮಾಡುತ್ತಾರೆ? ಬೆಂಕಿ ಮುಂದೆ ಕೂಡುತ್ತಾರೆ. ಕ್ಯಾಂಪ್ ಫೈರ್ ಅಂತೆ. ಕಟ್ಟಿಗೆಗೆ ಬೇರೆ ಬಿಲ್ಲು. ಬೇಸಿಗೆಯುದ್ದಕ್ಕೂ ನೆತ್ತಿಯ ಮೇಲೆ ಪುಕ್ಕಟೆ ಉರಿಯುವುದನ್ನು ಬೈದು ಬಂದವರು, ಇಲ್ಲಿ ರೊಕ್ಕ ಎಣಿಸಿ, ಕೈ ಚಾಚಿ, ‘ಆಹಾ!’ ಎನ್ನುತ್ತಾರೆ.

ನಾನೂ ಹೋಗಿ ಕೂತವನೇ. ಆಹಾ ಎಂದವನೇ.

ಹಟ್ಟಿಯವರಿಗೆ ಬೆಟ್ಟದ ಹಂಬಲ ಇರುವುದು ಸಹಜ. ನಮ್ಮ ಬೆಟ್ಟ ತಲೆಕೆಳಗಾಗಿದೆ. ಮುಳ್ಳಯ್ಯನಗಿರಿ 1,930 ಮೀಟರ್ ಮೇಲಕ್ಕೆ ಹೋದರೆ ನಮ್ಮ ಗಣಿ 2,000 ಅಡಿಗೂ ಹೆಚ್ಚು ಕೆಳಕ್ಕೆ ಹೋಗುತ್ತದೆ. ಅಲ್ಲಿ ಏರಿದಷ್ಟೂ ತಂಪು, ಇಲ್ಲಿ ಇಳಿದಷ್ಟೂ ಸೆಕೆ. ಮೇಲೆ ಕಾಣುವ ಗುಡ್ಡವೂ ಒಂದಿದೆ, ಇಲ್ಲವೆನ್ನುವ ಹಾಗಿಲ್ಲ. ಟನ್ ಅದಿರು ಅರೆದು ಸಯನೈಡ್ ನೀರಿಗೆ ಹಾಕಿದರೆ ಸಿಗುವುದು ಕೆಲವೇ ಗ್ರಾಂ ಬಂಗಾರ. ಉಳಿದ ಪುಡಿಯೆಲ್ಲ ಊರ ಪಕ್ಕ ಗುಡ್ಡವಾಗಿ ಬೀಳುತ್ತದೆ. ಕಂಪನಿ ಶುರುವಾದದ್ದು 1947ರಲ್ಲಿ, ನಿಜಾಮನ ಸೀಮೆಯಲ್ಲಿ. ಅಂದಿನಿಂದ ಹೊಳೆಯುವುದು ಊರು ಬಿಟ್ಟು ಹೋಗಿದೆ, ಬೂದು ಬಣ್ಣದ್ದು ಊರಲ್ಲೇ ಉಳಿದಿದೆ.

ಹೋಮ್‌ಸ್ಟೇಯ ಮಾಲೀಕರು ಬೆಂಗಳೂರಿನಲ್ಲಿರುತ್ತಾರೆ. ‘ಮನೆಯವರ ಜೊತೆ ಮನೆಯಂತೆ’ ಎಂಬ ಬೋರ್ಡು ಮಾತ್ರ ತೋಟದಲ್ಲಿರುತ್ತದೆ. ಟಿವಿ ಇಲ್ಲ, ನೆಟ್‌ವರ್ಕ್ ಇಲ್ಲ, ಕರೆಂಟು ಆಗಾಗ ಇಲ್ಲ. ಅಂಗಳದಲ್ಲಿ ಹೊರಸು, ಮೂಲೆಗೊಂದು ಕಂದೀಲು, ಹಿತ್ತಲಲ್ಲಿ ಕಟ್ಟಿಗೆ ಒಲೆಯ ಹಂಡೆ. ನಮ್ಮ ಕಡೆ ಇಷ್ಟೆಲ್ಲ ‘ಇಲ್ಲ’ಗಳು ಒಟ್ಟಾದರೆ ಸಮಿತಿ ಬರುತ್ತದೆ, ವರದಿ ಬರೆಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ನಮ್ಮ ಜಿಲ್ಲೆಯನ್ನು ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳ ಪಟ್ಟಿಗೆ ಸೇರಿಸಿದ್ದೂ ಇಂಥ ಇಲ್ಲಗಳ ಲೆಕ್ಕದಲ್ಲೇ. ಅವೇ ಇಲ್ಲಗಳನ್ನು ಕಾಫಿ ಗಿಡದ ನೆರಳಲ್ಲಿಟ್ಟರೆ ತಲೆಗೆ ಇಷ್ಟು ಎಂದು ಬಾಡಿಗೆ ಬರುತ್ತದೆ. ಬಹುಶಃ ನಾವು ಅನುದಾನ ಕೇಳಿದ್ದೇ ತಪ್ಪು, ಅಡ್ವಾನ್ಸ್ ಕೇಳಬೇಕಿತ್ತು.

ರಾತ್ರಿ ಊಟಕ್ಕೆ ‘ಉತ್ತರ ಕರ್ನಾಟಕ ಸ್ಪೆಷಲ್’ ಇತ್ತು, ಅದಕ್ಕೂ ಪ್ರತ್ಯೇಕ ದರ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ರೊಟ್ಟಿ ಬಾಯಿಗಿಟ್ಟ ಕೂಡಲೇ ಬಡಿದ ಕೈ ಯಾವ ಸೀಮೆಯದೆಂದು ತಿಳಿದುಹೋಯಿತು. ಒಳಗೆ ಹೋಗಿ ಅಡುಗೆಯ ಹುಡುಗನನ್ನು ಕೇಳಿದೆ.

‘ಯಾವೂರು?’

‘ದೇವದುರ್ಗ ಕಡೀ ರೀ. ನೀವು?’

‘ಹಟ್ಟಿ.’

‘ಹಟ್ಟಿಯಿಂದ ಇಲ್ಲೀತನ ರೊಟ್ಟಿ ತಿನ್ನಾಕ ಬಂದೀರೇನ್ರೀ?’

ಅವನು ಗುಳೆ ಬಂದವನು, ನಾನು ಟೂರಿಗೆ ಬಂದವನು. ಊರು ಬಿಟ್ಟದ್ದಕ್ಕೆ ಅವನಿಗೆ ಪಗಾರ, ನನಗೆ ಬಿಲ್ಲು.

ಬಿಲ್ಲು ನೋಡಿ, ದಾರಿಯಲ್ಲಿ ದಾಟಿ ಬಂದ ಮಸ್ಕಿಯ ಅಶೋಕನ ನೆನಪಾಯಿತು. ಬಂಗಾರದ ಜಾಡು ಹಿಡಿದು ತಿರುಗುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ 1915ರಲ್ಲಿ ಅಲ್ಲಿ ಸಿಕ್ಕಿದ್ದು ಅಶೋಕನ ಹೆಸರಿದ್ದ ಬಂಡೆ. ಆ ದೊರೆ ತನ್ನ ಸ್ತಂಭಶಾಸನವೊಂದರಲ್ಲಿ ದಾರಿಯುದ್ದಕ್ಕೂ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ, ಅರವಟಿಗೆ ಇಡಿಸಿದೆ, ತಂಗುಮನೆ ಕಟ್ಟಿಸಿದೆ ಎಂದು ಲೆಕ್ಕ ಒಪ್ಪಿಸಿದ್ದಾನೆ. ಮನುಷ್ಯರಿಗಷ್ಟೇ ಅಲ್ಲ, ದನಕರುಗಳಿಗೂ. ಮೇಲೆ, ಇದೇನು ದೊಡ್ಡ ಸಂಗತಿಯಲ್ಲ, ಹಿಂದಿನ ದೊರೆಗಳೂ ಮಾಡಿದ್ದಾರೆ ಎಂದೂ ಸೇರಿಸಿದ್ದಾನೆ. ಬಸ್ ಸ್ಟ್ಯಾಂಡಿನ ತಗಡಿನ ನೆರಳಿಗೆ ತನ್ನ ಫೋಟೋ ಹೊಡೆಸುವ ಇಂದಿನ ಯಾವ ಶಾಸಕನೂ ಇಷ್ಟು ದಡ್ಡನಲ್ಲ. ಜಿಎಸ್‌ಟಿ ಬಗ್ಗೆ ಶಾಸನದಲ್ಲಿ ಉಲ್ಲೇಖವಿಲ್ಲ.

ಹೀಗಾಗಿ ಪ್ರವಾಸೋದ್ಯಮ ಇಲಾಖೆಯ ಮುಂದೆ ನನ್ನದೊಂದು ಪ್ರಸ್ತಾವ ಇದೆ: ಹಟ್ಟಿ ಹೋಮ್‌ಸ್ಟೇ. ಅದಿರಿನ ಪುಡಿಯ ಗುಡ್ಡಕ್ಕೆ ಮುಖ ಮಾಡಿದ ಕೋಣೆಗೆ ‘ಹಿಲ್ ವ್ಯೂ’ ದರ. ಮಲಗಲು ಮಾಳಿಗೆ, ನಕ್ಷತ್ರ ಎಷ್ಟು ಬೇಕಾದರೂ ಎಣಿಸಬಹುದು, ಸೊಳ್ಳೆಯನ್ನೂ. ಸಾಹಸ ಬಯಸುವವರಿಗೆ ‘ರಾತ್ರಿ ಪಾಳಿ ಪ್ಯಾಕೇಜ್’: ಹೆಲ್ಮೆಟ್ಟು, ದೀಪ, ಕೇಜಿನಲ್ಲಿ ಇಳಿಯುವುದು, ಬೆವರು, ಧೂಳು, ಏರಿ ಬಂದ ಮೇಲೆ ಒಂದು ಕಪ್ ಚಹಾ. ನಮ್ಮವರು ಇದನ್ನು ಪಗಾರಕ್ಕೆ ಮಾಡುತ್ತಾರೆ. ಅತಿಥಿಗಳು ಕಾಸು ಕೊಟ್ಟು ಮಾಡಲಿ. ‘ಸನ್ ಬಾತ್’ ಕಡ್ಡಾಯ, ಆದರೆ ಉಚಿತ. ಕಾಫಿ ತೋಟದ ಮಾಲೀಕರಿಗೆ ಮೇ ತಿಂಗಳಲ್ಲಿ ವಿಶೇಷ ರಿಯಾಯಿತಿ. ಮ್ಯಾನೇಜರ್ ಹುದ್ದೆ ಆ ದೇವದುರ್ಗದ ಹುಡುಗನಿಗೇ ಕೊಡೋಣ, ಊರೂ ಹತ್ತಿರವಾಗುತ್ತದೆ.

ಚೆಕ್ ಔಟ್ ಬೆಳಿಗ್ಗೆ 11ಕ್ಕೆ. ಅಷ್ಟೊತ್ತಿಗೆ ಮಾಳಿಗೆ ಕಾದ ಹಂಚಾಗಿರುತ್ತದೆ. ಇನ್ನೊಂದು ತಾಸು ಇರುತ್ತೇವೆಂದು ಯಾರೂ ಗೋಗರೆಯುವುದಿಲ್ಲ.