ಇನ್‌ಸೋಲ್ ಮೀಮಾಂಸೆ

ಶಿವರಾತ್ರಿಗೆ ತಿಂಗಳಿರುವಾಗ ಬೆಂಗಳೂರಿನ ಗರುಡಾಚಾರ್‌ಪಾಳ್ಯದಲ್ಲಿ ತತ್ತ್ವಶಾಸ್ತ್ರ ಚಿಗುರುತ್ತದೆ. ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುವವರು ಹೋದ ವರ್ಷದ ಶೂಗಳನ್ನು ಅಟ್ಟದಿಂದ ಇಳಿಸುತ್ತಾರೆ. ಒಳಗೆ ಕೈಹಾಕಿ, ಹಪ್ಪಳದಂತೆ ಚಪ್ಪಟೆಯಾದ ಇನ್‌ಸೋಲನ್ನು ಎಳೆದು ತೆಗೆದು, ಇದರ ಜಾಗಕ್ಕೆ ಯಾವುದು ಎಂಬ ಪ್ರಶ್ನೆ ಎತ್ತುತ್ತಾರೆ. ಪೂರ್ವಸೂರಿಗಳು ಈ ವಿಷಯದಲ್ಲಿ ಮೌನ. ಭರತನು ಅಣ್ಣನ ಪಾದುಕೆಗಳನ್ನು ಸಿಂಹಾಸನದ ಮೇಲಿಟ್ಟು ಹದಿನಾಲ್ಕು ವರ್ಷ ರಾಜ್ಯ ನಡೆಸಿದನಷ್ಟೆ. ಅವುಗಳಲ್ಲಿ ಮೆತ್ತೆ ಇತ್ತೇ, ಇದ್ದರೆ ಎಷ್ಟು ದಪ್ಪ ಎಂದು ಯಾರೂ ಬರೆದಿಡಲಿಲ್ಲ. ಆ ಕೊರತೆಯನ್ನು ತುಂಬುವುದೇ ಈ ಪ್ರಬಂಧದ ಉದ್ದೇಶ.

ಮೊದಲು ‘ದೂರದ ನಡಿಗೆ’ಯ ಲಕ್ಷಣ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದರೆ ಧರ್ಮಸ್ಥಳ. ಹತ್ತಿರಹತ್ತಿರ 300 ಕಿ.ಮೀ. ಕಿಲೋಮೀಟರಿಗೆ ಸಾವಿರದ ಮುನ್ನೂರು ಹೆಜ್ಜೆಯೆಂದು ಹಿಡಿದರೂ ಸುಮಾರು ನಾಲ್ಕು ಲಕ್ಷ ಹೆಜ್ಜೆ, ಪ್ರತಿ ಪಾದದಲ್ಲಿ 26 ಮೂಳೆ. ಇದು ಒಂದು ಪಕ್ಷ. ನಮ್ಮ ಮೆಟ್ರೋ ಸ್ಟೇಷನ್ನಿನಿಂದ ಫುಟ್‌ಪಾತ್ ಹುಡುಕುತ್ತ ಮನೆ ಸೇರುವುದೇ ದೂರದ ನಡಿಗೆ ಎಂಬುದು ಇನ್ನೊಂದು. ಈ ಪಕ್ಷದವರು ಇತಿಹಾಸದ ಆಧಾರವನ್ನೂ ಕೊಡುತ್ತಾರೆ: 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗೆ ರೈಲು ಓಡತೊಡಗಿತು, ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವಿನ ಎರಡು ಕಿ.ಮೀ. ಮಾತ್ರ ಅಕ್ಟೋಬರ್‌ವರೆಗೆ ಬಾಕಿ ಉಳಿಯಿತು. ಪಾದಶಾಸ್ತ್ರದಲ್ಲಿ ಆ ಆರೂವರೆ ತಿಂಗಳಿಗೆ ಸಂಧಿಕಾಲವೆಂದು ಹೆಸರು.

ಇನ್ನು ಮತಭೇದ. ಶೃಂಗೇರಿ, ಮೇಲುಕೋಟೆ, ಉಡುಪಿ ಮೂರನ್ನೂ ಒಳಗೊಂಡ ನಾಡಿನಲ್ಲಿ ಇನ್‌ಸೋಲಿನ ಬಗ್ಗೆ ಮೂರು ಸಿದ್ಧಾಂತಗಳಿಲ್ಲದಿದ್ದರೆ ನಾಚಿಕೆಗೇಡು. ಹಳೆಯದರ ಮೇಲೆಯೇ ಹೊಸದನ್ನು ಹಾಕುವವರು ದ್ವೈತಿಗಳು. ಹಳೆಯದೂ ಸತ್ಯ, ಹೊಸದೂ ಸತ್ಯ, ಭೇದವೂ ಸತ್ಯ. ಆದರೆ ಎರಡು ಸತ್ಯಗಳ ಮೇಲೆ ನಿಂತ ಪಾದಕ್ಕೆ ಶೂವಿನೊಳಗೆ ಜಾಗವಿರುವುದಿಲ್ಲ. ಹಿಮ್ಮಡಿ ಮೇಲೆದ್ದು ಜಾರುತ್ತದೆ, ಬೆರಳುಗಳು ಚಾವಣಿಗೆ ತಾಗುತ್ತವೆ. ಚಾರ್ಮಾಡಿಯ ಇಳಿಜಾರಿನಲ್ಲಿ ಕಾಲು ಮುಂದಕ್ಕೆ ನುಗ್ಗಿ ಹೆಬ್ಬೆರಳಿನ ಉಗುರು ಕಪ್ಪಾಗುವುದೇ ಈ ಮತದ ಫಲಶ್ರುತಿ. ಹಳೆಯದನ್ನು ಕಿತ್ತೆಸೆದು ಒಂದೇ ಒಂದನ್ನು ಇಡುವವರು ಅದ್ವೈತಿಗಳು. ಹಿಮ್ಮಡಿಯಡಿಗೆ ಮಾತ್ರ ಅರ್ಧ ಪ್ಯಾಡ್ ಇಡುವ ವಿಶಿಷ್ಟಾದ್ವೈತಿಗಳೂ ಇದ್ದಾರೆ. ಹಿಮ್ಮಡಿ ನೋವಿನವರಿಗೆ ಅದರಿಂದ ಒಂದಿಷ್ಟು ಸಮಾಧಾನ ಸಿಗುವುದೂ ಉಂಟು. ಈ ಲೇಖಕನ ಒಲವು ಅದ್ವೈತದ ಕಡೆಗೆ. ಕಿತ್ತ ಹಳೆಯದನ್ನು ಹೊಸದರ ಪಕ್ಕ ಹಿಡಿದು ದಪ್ಪ ಹೋಲಿಸಿ, ಅದರ ಅಳತೆಗೇ ಕತ್ತರಿಸಿದರೆ ಸಾಕು.

ಪ್ರಮಾಣಗಳು ಮೂರು. ಹಳೆಯ ಇನ್‌ಸೋಲಿನ ಮೇಲಿನ ಕಪ್ಪು ಅಚ್ಚು ಪ್ರತ್ಯಕ್ಷ. ಎಲ್ಲಿ ಹಳ್ಳವಾಗಿದೆಯೋ ಅಲ್ಲಿ ನಿಮ್ಮ ಭಾರ ಬೀಳುತ್ತದೆ. ಒದ್ದೆ ಕಾಲನ್ನು ಸಿಮೆಂಟು ನೆಲದ ಮೇಲೂರಿ ನೋಡುವುದು ಅನುಮಾನ. ನಡುಭಾಗವೂ ಪೂರ್ತಿ ಮೂಡಿದರೆ ಚಪ್ಪಟೆ ಪಾದ, ಸಣ್ಣ ಗೆರೆಯಷ್ಟೇ ಮೂಡಿದರೆ ಕಮಾನು ಎತ್ತರದ್ದು. ಮೂರನೆಯದು ಶಬ್ದ. “ಎಲ್ಲರೂ ಇದನ್ನೇ ತಗೊಳ್ಳೋದು ಸಾರ್” ಎಂಬ ಅಂಗಡಿಯವರ ವಾಕ್ಯ ಇದಕ್ಕೆ ಉದಾಹರಣೆ. ಇದು ಅಪೌರುಷೇಯ, ಯಾರು ಮೊದಲು ಹೇಳಿದರೆಂದು ತಿಳಿಯದು, ಎಲ್ಲ ಅಂಗಡಿಗಳಲ್ಲೂ ಸ್ವರಸಮೇತ ಹಾಗೇ ಉಳಿದುಬಂದಿದೆ. (ಸಕ್ಕರೆ ಕಾಯಿಲೆಯಿಂದ ಅಂಗಾಲು ಮರಗಟ್ಟಿದವರಿಗೆ ಪ್ರತ್ಯಕ್ಷವೇ ಕೈಕೊಡುತ್ತದೆ. ಅವರು ಮೀಮಾಂಸೆ ಬದಿಗಿಟ್ಟು ಡಾಕ್ಟರನ್ನು ಕಾಣಬೇಕು. ಇದು ಅಣಕಲ್ಲ.)

ದ್ರವ್ಯನಿರ್ಣಯದಲ್ಲಿ ಹೆಚ್ಚು ವಿಸ್ತಾರ ಬೇಡ. ಇವಿಎ ಫೋಮ್ ಹಗುರ, ಅಗ್ಗ, ಅಲ್ಪಾಯು. ಪಾಲಿಯುರೆಥೇನ್ ತುಸು ಭಾರವಾದರೂ ಬಾಳಿಕೆ ಜಾಸ್ತಿ. ಮೆಮೊರಿ ಫೋಮ್ ಅಂಗಡಿಯಲ್ಲಿ ತುಳಿದಾಗ ಸ್ವರ್ಗಸುಖ. ಕುಣಿಗಲ್ ದಾಟುವ ಹೊತ್ತಿಗೆ ತನ್ನ ದಪ್ಪವನ್ನೇ ಮರೆತಿರುತ್ತದೆ. ಜೆಲ್ ಕೂಡ ನಿಂತವರಿಗೆ ಹಿತ, ನಡೆಯುವವರಿಗೆ ತೂಕ. ಕೊಳ್ಳುವ ಮುಹೂರ್ತ ಮಾತ್ರ ಸಂಜೆಯದೇ ಆಗಬೇಕು: ದಿನವಿಡೀ ಓಡಾಡಿ ಊದಿಕೊಂಡ ಕಾಲೇ ನಿಜವಾದ ಕಾಲು. ಯಾತ್ರೆಗೆ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಬೇಕು. ಹೊಸದನ್ನು ಹೊರಡುವ ದಿನವೇ ತೊಡಿಸುವುದು ಶಾಸ್ತ್ರನಿಷಿದ್ಧ. ಅದಕ್ಕೆ ಪ್ರಾಯಶ್ಚಿತ್ತ ನೆಲಮಂಗಲದಲ್ಲೇ ಬೊಬ್ಬೆಯ ರೂಪದಲ್ಲಿ ಒದಗುತ್ತದೆ.

ಕೊನೆಯ ಪ್ರತಿವಾದಿಗಳೆಂದರೆ ಶೂನ್ಯವಾದಿಗಳು, ಅಂದರೆ ಹರಕೆ ಹೊತ್ತು ಬರಿಗಾಲಲ್ಲಿ ಹೊರಡುವ ಅಜ್ಜಿಯರು. ಅವರ ವಾದವನ್ನು ಖಂಡಿಸಲು ಈ ಲೇಖಕ ಸಿದ್ಧನಿದ್ದಾನೆ. ಆದರೆ ವಾದಕ್ಕೆ ಮೊದಲು ಅವರನ್ನು ಹಿಂದಿನಿಂದ ಹೋಗಿ ಹಿಡಿಯಬೇಕು. ಪಾಲಿಯುರೆಥೇನ್ ಪಂಥದವರಾರಿಗೂ ಚನ್ನರಾಯಪಟ್ಟಣದ ಈಚೆಗೆ ಅದು ಸಾಧ್ಯವಾದಂತಿಲ್ಲ.